ಎಡ ಹಿಂಬದಿ ಸದ್ದು

ಕಾರಿನ ಜೊತೆ ಬಂದದ್ದು ಒಂದು ಹಿಮದ ಸಲಿಕೆ,
ಸೀಟಿನ ಸಂದಿಯಲ್ಲಿ ಯಾರದೋ ನಾಯಿಯ ಕೂದಲು,
ಗ್ಲೋವ್ ಬಾಕ್ಸಿನಲ್ಲಿ ರಬ್ಬರ್ ಬ್ಯಾಂಡು ಬಿಗಿದ
ನೀಲಿ ರಟ್ಟಿನ ಲೆಕ್ಕದ ಪುಸ್ತಕ.

ಬರೆದವಳು ಮಾಯ್ರಾ ಹ್ಯಾಡನ್,
ಬೆರಿಡೇಲಿನ ಕುರಿಗಳ ಡಾಕ್ಟರು.
ತಾರೀಖು, ಕಿಲೋಮೀಟರು, ಲೀಟರು.
ಹನ್ನೊಂದು ವರ್ಷ, ಒಂದು ಟ್ಯಾಂಕೂ ತಪ್ಪಿಸಿಲ್ಲ.
ಷರಾ ಅನ್ನುವ ಕಡೆ ಅಪರೂಪಕ್ಕೊಂದು ಸಾಲು:
"ಕಾಂಗರೂ. ಬಲದ ದೀಪ ಹೋಯಿತು. ಅದೂ ಹೋಯಿತು."
"ಟೈಮಿಂಗ್ ಬೆಲ್ಟ್ ಹೊಸದು. ಇನ್ನು ಲಕ್ಷ ಕಿಲೋಮೀಟರು ನಿದ್ದೆ."
"ಎಡ ಹಿಂಬದಿ ಸದ್ದು. ಕೇಳಿಸಿಕೊಳ್ಳಬೇಕು."

ಆಮೇಲೆ ಆರು ಪುಟ
ಸದ್ದಿನ ಸುದ್ದಿಯೇ ಇಲ್ಲ.

ಅವಳ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು
ಕನ್ನಡದ ಅಂಕಿಯಲ್ಲಿ ಶುರು ಮಾಡಿದೆ: ೧,೬೨,೩೦೮.
ಕೂಮಾದ ಜುಲೈ ಚಳಿಗೆ ಪೆನ್ನು ಮುಷ್ಕರ ಹೂಡಿತ್ತು,
ಬಾಯಿಗಿಟ್ಟು ಕಾಯಿಸಿ ಬರೆದೆ.

ಮನೆಮನೆಗೆ ಹೋಗುವ ನರ್ಸು ನಾನು.
ಅಡಮಿನಬಿಯಲ್ಲಿ ಒಂದು ಕಾಲಿನ ಹುಣ್ಣು,
ಡಾಲ್ಗೆಟಿಯಲ್ಲಿ ಇನ್ಸುಲಿನ್ ಮರೆಯುವ ಮುದುಕ,
ನಡುವೆ ಗಾಜಿನಂಥ ರಸ್ತೆ.
ಒಂದು ಬೆಳಗ್ಗೆ ಸೇತುವೆಯ ಮುಂಚಿನ ಏರಿನಲ್ಲಿ
ಮುಂದಿನದೊಂದು ಚಕ್ರ ಕೈಕೊಟ್ಟಿತು.
ಉಳಿದ ಮೂರು ಏನು ಮಾತಾಡಿಕೊಂಡವೋ,
ಒಮ್ಮೆ ಗುರುಗುಟ್ಟಿ ಮೇಲೆ ಹತ್ತಿಸಿದವು.
ಜಂಬದಿಂದ ಹೇಳಿಕೊಂಡೆ.
ಮೆಕ್ಯಾನಿಕ್ ಯಾನೆಕ್ ಕೈ ಒರೆಸಿಕೊಳ್ಳುತ್ತ,
"ಹತ್ತಲು ನಾಲ್ಕು ಚಕ್ರದ ಬಲ, ಸರಿ.
ನಿಲ್ಲಲು ಎಲ್ಲ ಕಾರಿಗೂ ನಾಲ್ಕೇ. ನೆನಪಿರಲಿ" ಅಂದ.

ಇನ್ನೊಮ್ಮೆ ಕಲ್ಲಿಗೆ ಟೈರು ಸೀಳಿತು. ಒಂದೇ ಒಂದು.
ನಾಲ್ಕೂ ಬದಲಿಸು ಅಂದ:
ಸವೆದದ್ದರ ಜೊತೆ ಹೊಸದು ಸುತ್ತಿದರೆ
ಒಳಗಿನ ಗೇರು ಕಾದು, ತಿರುಚಿ, ಸಾಯುತ್ತದೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದೆ.
ಅವನಿಗೆ ಎಮ್ಮೆ, ಜ್ವರ, ಬರೆ, ಮೂರನ್ನೂ
ವಿವರಿಸುವಷ್ಟರಲ್ಲಿ ನಾಲ್ಕೂ ಟೈರು ಕೂತಿದ್ದವು.
"ಸುರಂಗ ತೋಡಲು ಪೋಲೆಂಡಿನಿಂದ ಬಂದ ನಮ್ಮಪ್ಪ
ಇಂಥದೇ ಒಂದು ಗಾದೆ ಹೇಳುತ್ತಿದ್ದ.
ಅದರಲ್ಲೊಬ್ಬ ಕಮ್ಮಾರ ಬರುತ್ತಾನೆ.
ಉಳಿದದ್ದು ಮರೆತೆ."

ಮೂರು ಲಕ್ಷ ದಾಟಿದ ಮೇಲೆ
ಗ್ಯಾರೇಜಿನ ನೆಲದಲ್ಲಿ ಎಣ್ಣೆಯ ರಂಗೋಲಿ.
ಹೆಡ್ ಗ್ಯಾಸ್ಕೆಟ್. ಎರಡು ಸಾವಿರದ ಎಂಟುನೂರು ಡಾಲರು.
ಕಾರಿಗೆ ಸಿಗುವುದು ಸಾವಿರದ ಇನ್ನೂರು.
"ಮೂಗಿಗಿಂತ ಮೂಗುತಿ ಭಾರ" ಅಂದ ತಿಪ್ಪೇಶ,
ಫೋನಿನಲ್ಲಿ ಬಿಳಿಯ ಹೈಬ್ರಿಡ್ ಒಂದನ್ನು
ಹಿಂದಿನಿಂದ, ಮುಂದಿನಿಂದ ತೋರಿಸುತ್ತ.
ನಾನು ಪುಸ್ತಕ ತಂದು ಊಟದ ಮೇಜಿನ ಮೇಲೆ ಬಿಚ್ಚಿದೆ.
ಹತ್ತೊಂಬತ್ತು ವರ್ಷದಲ್ಲಿ ದಾರಿಯಲ್ಲಿ ನಿಂತದ್ದು ಎರಡು ಸಲ.
ಅದರಲ್ಲೊಂದು ನನ್ನದೇ ತಪ್ಪು,
ದೀಪ ಆರಿಸದೆ ಬಂದು ಮಲಗಿದ್ದೆ.

ರಿಪೇರಿ ಮಾಡಿಸಿದೆ.
ಪ್ರೀತಿ ಗೀತಿ ಅನ್ನಬೇಡಿ.
ಇದರ ಕಾಯಿಲೆಗಳು ನನಗೆ ಗೊತ್ತು,
ಹೊಸದರ ಕಾಯಿಲೆ ಇನ್ನು ಹುಟ್ಟಬೇಕು.
ಇದು ನರ್ಸಿನ ಲೆಕ್ಕ, ಅಷ್ಟೇ.
ತಿಪ್ಪೇಶ ಎರಡು ದಿನ ಬರೀ ಸಾರಿನ ಜೊತೆ ಮಾತಾಡಿದ.

ಈಗ ಗಾಜಿಗೆ ಹಳದಿ ಎಲ್ ಅಂಟಿದೆ.
ಚಂಪಾಗೆ ನೂರಿಪ್ಪತ್ತು ಗಂಟೆ ಓಡಿಸಿ ತೋರಿಸಬೇಕು,
ಅವಳಿಗೂ ಒಂದು ಲೆಕ್ಕದ ಪುಸ್ತಕ.
ನಾನು ಎಡಗಡೆಯ ಸೀಟಿನಲ್ಲಿ
ಇಲ್ಲದ ಬ್ರೇಕು ತುಳಿಯುತ್ತೇನೆ.
ನಿಮ್ಮಿಟಬೆಲ್ ದಾಟಿದ ಮೇಲೆ ಅವಳೇ ರೇಡಿಯೊ ಆರಿಸಿದಳು.
"ಅಮ್ಮ, ಹಿಂದೆ, ಎಡಗಡೆ. ಏನೋ."

ಪಕ್ಕಕ್ಕೆ ನಿಲ್ಲಿಸಿ ಡಿಕ್ಕಿ ತೆಗೆದೆವು.
ಮಾಯ್ರಾಳ ಸಲಿಕೆ, ಎಡದ ಗೋಡೆಗೆ ಒರಗಿ.
ಎತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದೆವು,
ಬೆಲ್ಟ್ ಕೂಡ ಹಾಕಿದಳು ಚಂಪಾ.
ಸದ್ದು ನಿಂತಿತು.
ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಕೂಮಾ ಹನ್ನೆರಡು ಕಿಲೋಮೀಟರು ಎಂಬ ಫಲಕದ ಹತ್ತಿರ
ಮತ್ತೆ.